ಇಬ್ಬರು ಷಡ್ಡಕರು ಕಟ್ಟಿದ ಕಂಪ್ಯೂಟರ್

ಅಕ್ಟೋಬರ್ 28

ನನ್ನ ಕಂಪ್ಯೂಟರ್ ಸತ್ತಿತು. ಕೊಂದವನು ನನ್ನ ಗಂಡ ರಾದಿವೊಯ್. ಆಯುಧ, ದೊಣ್ಣೆ ಮೆಣಸಿನಕಾಯಿ ಸುಡುವ ಕರೆಂಟಿನ ಒಲೆ.

ಅಂಗಳದ ಪ್ಲಗ್ಗು ಸಡಿಲವಾಗಿದೆಯೆಂದು ನನ್ನ ಕೋಣೆಯ ಕಿಟಕಿಯಿಂದ ವೈರು ಎಳೆದು, ಕಂಪ್ಯೂಟರಿಗೆ ಹಾಕಿದ್ದ ಎಕ್ಸ್‌ಟೆನ್ಷನ್ ಬೋರ್ಡಿಗೇ ಒಲೆ ಸಿಕ್ಕಿಸಿದ್ದಾನೆ. ಚಟ್ ಎಂದಿತು, ಆಮೇಲೆ ಹೊಗೆ. ನಾನು ಕೂಗಿಕೊಂಡರೆ ಹೊರಗಿನಿಂದ, "ಏನಾಯ್ತೇ ಜಾಗೊರ್ಕಾ, ಕರೆಂಟ್ ಹೋಯ್ತಾ? ಇನ್ನೂ ಅರ್ಧ ಮೂಟೆ ಸುಡೋದಿದೆ ಇಲ್ಲಿ!" ಎಂದು ಅವನದೇ ಗೋಳು.

ಬಿಚ್ಚಿ ನೋಡಿದೆ. ಒಳಗೆಲ್ಲ ಕಪ್ಪು. ರಿಪೇರಿಯ ಮಾತೇ ಇಲ್ಲ.

ಆಗುವುದು ಆಗುತ್ತದೆ, ಆದರೆ ಈಗಲೇ ಆಗಬೇಕಿತ್ತೇ? ಈ ಟೂರ್ನಮೆಂಟಿನಲ್ಲಿ ನನ್ನ ಬೇರೆ ಆಟಗಳೆಲ್ಲ ಡ್ರಾ ಆಗಿ ಮುಗಿದಿವೆ. ಉಳಿದಿರುವುದು ಫಿನ್ಲೆಂಡಿನ ತೌನೊ ಜತೆಗಿನ ಒಂದೇ ಆಟ. ಅದನ್ನು ಗೆದ್ದರೆ, ದಿನಗಟ್ಟಲೆ ಯೋಚಿಸಿ ಇಂಟರ್ನೆಟ್ಟಿನಲ್ಲಿ ಒಂದೊಂದೇ ನಡೆ ಕಳಿಸುವ ಈ ಅಂಚೆ ಚದುರಂಗದಲ್ಲಿ ನಾನು ಅಂತರರಾಷ್ಟ್ರೀಯ ಮಾಸ್ಟರ್. ಸರ್ಬಿಯಾದ ಈ ನಮ್ಮ ಕಿಕಿಂದಾ ಊರಿನಲ್ಲಿ ಆ ಬಿರುದು ಯಾರಿಗೂ ಬಂದಿಲ್ಲ, ನನಗೇ ಎರಡು ಸಲ ಕೈಗೆ ಬಂದು ಜಾರಿ ಹೋಗಿದೆ. ಡ್ರಾ ಆದರೆ ಏನೂ ಇಲ್ಲ. ನವೆಂಬರ್ ಮುಗಿಯುವುದರೊಳಗೆ ನನ್ನ ಮುಂದಿನ ನಡೆ ಹೋಗದಿದ್ದರೆ ಸಮಯ ಮೀರಿ ಸೋಲು. ತೌನೊನ ಬಳಿ ಎಂಥ ಯಂತ್ರವಿದೆಯೋ ದೇವರೇ ಬಲ್ಲ. ನನ್ನ ಬಳಿ ಹದಿನೆಂಟು ಸೀಸೆ ಮೆಣಸಿನಕಾಯಿ ಚಟ್ನಿ ಇದೆ.

ಅಕ್ಟೋಬರ್ 30

ಹೊಸದನ್ನು ನಾನೇ ಬಿಡಿಬಿಡಿಯಾಗಿ ಕೊಂಡು ಜೋಡಿಸುತ್ತೇನೆ. ಅಂಗಡಿಯ ಸಿದ್ಧ ಕಂಪ್ಯೂಟರುಗಳೆಲ್ಲ ಗುಂಡು ಹಾರಿಸುವ ಆಟಕ್ಕೆಂದೇ ಮಾಡಿದವು, ಮೈತುಂಬ ಬಣ್ಣದ ದೀಪ. ಚದುರಂಗದ ಯಂತ್ರಕ್ಕೆ ಬೇಕಾದ್ದು ದೀಪವಲ್ಲ, ತಲೆ. ಹೆಚ್ಚು ಕೋರ್ ಇರುವ ಪ್ರೊಸೆಸರ್, ಅದಕ್ಕೆ ಹೊಂದುವ ಮದರ್‌ಬೋರ್ಡ್, ಅದಕ್ಕೆ ಹೊಂದುವ ಮೆಮೊರಿ, ಪವರ್ ಸಪ್ಲೈ, ಎಲ್ಲವನ್ನೂ ಇಡಲು ಒಂದು ಪೆಟ್ಟಿಗೆ. ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ, ಅದು ಆಟಗಾರರ ಶೋಕಿ.

ರಾತ್ರಿ ಊಟಕ್ಕೆ ಕೂತಾಗ ರಾದಿವೊಯ್ ಹಳೇ ರಾಗ ತೆಗೆದ.

"ಮೆಷಿನ್ ಹೇಳಿದ್ದನ್ನೇ ನೀನು ಆಡೋದಾದ್ರೆ ಅದು ಮೋಸ ಅಲ್ವೇನೇ?"

"ಅಂಚೆ ಆಟದಲ್ಲಿ ಅದಕ್ಕೆ ಅವಕಾಶ ಇದೆ ಅಂತ ಎಷ್ಟು ಸಲ ಹೇಳ್ಲಿ? ಎಲ್ರೂ ಕೇಳ್ತಾರೆ. ತೌನೊನೂ ಕೇಳ್ತಾನೆ."

"ಹಂಗಾದ್ರೆ ಆ ಕಡೆ ಒಂದು ಮೆಷಿನ್ನು, ಈ ಕಡೆ ಒಂದು ಮೆಷಿನ್ನು. ನಡುವೆ ನೀವಿಬ್ರು ಏನ್ ಮಾಡ್ತೀರಾ?"

ಮೂವತ್ತು ವರ್ಷ ಬಸ್ಸು ಓಡಿಸಿದವನಿಗೆ ಚದುರಂಗದ ಸೂಕ್ಷ್ಮ ಹೇಳಿ ಪ್ರಯೋಜನವಿಲ್ಲ. ಸೂಪು ಬಡಿಸಿದೆ. ನೋವಿ ಸಾದ್ ನಗರದ ಅಂಗಡಿಯಿಂದ ಎಲ್ಲ ಒಟ್ಟಿಗೆ ತರಿಸುತ್ತೇನೆ ಎಂದೆ, ಅಷ್ಟೇ. ಚಮಚ ಕೆಳಗಿಟ್ಟ.

"ಅಂಗಡಿಯಿಂದಾನಾ? ತಲೆ ಕೆಟ್ಟಿದೆಯೇನೇ? ಸುಮ್ನಿರು. ಅಲ್ಲಿ ನಮ್ಮವನೊಬ್ಬ ಇದಾನೆ."

ಈ ಊರಿನಲ್ಲಿ ಅಂಗಡಿಯಿಂದ ಏನನ್ನಾದರೂ ಕೊಂಡರೆ ಅವಮಾನ. ಹೆಂಚಿಗೆ ನಮ್ಮವನೊಬ್ಬ, ಹಲ್ಲಿಗೆ ನಮ್ಮವನೊಬ್ಬ, ನಾಳೆ ಸತ್ತರೆ ಸಮಾಧಿಯ ಕಲ್ಲಿಗೂ ನಮ್ಮವನೊಬ್ಬ.

ನವೆಂಬರ್ 4

ಸಿಟ್ಟು ಇಳಿಯುವ ಮೊದಲೇ ಬರೆದಿಡುತ್ತೇನೆ.

ಬೆಳಿಗ್ಗೆ ರಾದಿವೊಯ್ ಮದರ್‌ಬೋರ್ಡ್ ತಂದ. ಬಸ್ ಡಿಪೋದ ಹಳೆಯ ಗೆಳೆಯನ ಅಳಿಯನಂತೆ "ನಮ್ಮವನು". ಪ್ರೊಸೆಸರ್ ಯಾವುದೆಂದು ಗೊತ್ತಾಗುವ ಮೊದಲೇ ಬೋರ್ಡ್ ತರುವುದೆಂದರೆ, ಕಾಲು ಅಳೆಯದೆ ಬೂಟು ತಂದ ಹಾಗೆ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಗೊಯ್ಕೊ ಭಾವ. ನನ್ನ ಅಕ್ಕ ನೆವೆಂಕಾಳ ಗಂಡ, ರಾದಿವೊಯ್‌ಗೆ ಷಡ್ಡಕ. ಹಾಲಿನ ಡೈರಿಯ ಮ್ಯಾನೇಜರ್ ಆಗಿ ನಿವೃತ್ತನಾದವನು ಇಂದಿಗೂ ಎಲ್ಲರ ಮನೆಗೂ ತಪಾಸಣೆಗೆ ಬಂದವನ ಹಾಗೆಯೇ ಬರುತ್ತಾನೆ. ಕೋಟಿನ ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ.

"ನೆವೆಂಕಾ ಹೇಳಿದ್ಲು. ತಗೋಮ್ಮ, ಹದಿನಾರು ಕೋರ್. ನಂಗೆ ಗೊತ್ತಿರೋನೊಬ್ಬ ಇದಾನೆ."

ಹದಿನಾರು ಕೋರ್! ಒಂದು ಗಳಿಗೆ ನನಗೆ ಭಾವನನ್ನು ತಬ್ಬಿಕೊಳ್ಳಬೇಕೆನಿಸಿತು. ಆಮೇಲೆ ಡಬ್ಬಿ ತೆಗೆದು ನೋಡಿದೆ.

"ಭಾವ, ಇದು ಈ ಬೋರ್ಡ್‌ನಲ್ಲಿ ಕೂರಲ್ಲ."

"ಯಾಕೆ ಕೂರಲ್ಲ?"

"ಎರಡೂ ಬೇರೆ ಬೇರೆ ತಲೆಮಾರಿಂದು. ಇಲ್ಲಿ ನೋಡಿ, ಪ್ರೊಸೆಸರ್ ಅಡಿ ಬೋಳು. ಬೋರ್ಡ್ ನೋಡಿ, ಬರೀ ತೂತು. ಸೂಜಿ ಎರಡರಲ್ಲೂ ಇಲ್ಲ."

"ಹಾಗಾದ್ರೆ ತಪ್ಪು ಬೋರ್ಡಿಂದು," ಎಂದ ಭಾವ.

"ಬೋರ್ಡು ಮೊದ್ಲು ಬಂದಿದ್ದು ಷಡ್ಡಕಾ," ಎಂದ ನನ್ನವನು. "ಹಿಂದಿನಿಂದ ಬಂದೋರು ಹೊಂದ್ಕೊಂಡು ಹೋಗ್ಬೇಕು."

"ಹದಿನಾರು ಕೋರ್ ಕಣಯ್ಯಾ! ನಿನ್ನ ಹಲಗೆ ನೋಡಿದ್ರೆ ಬಾತುಕೋಳಿ ಗೂಡಿಗೆ ಮುಚ್ಚಳ ಇದ್ದ ಹಾಗಿದೆ."

ಇಬ್ಬರಲ್ಲಿ ಒಬ್ಬರು ವಾಪಸು ಕೊಟ್ಟು ಬನ್ನಿ, ಮುಗಿಯಿತು ಎಂದೆ. ಇಬ್ಬರೂ ನನ್ನನ್ನು ಮನೆಗೆ ಬೆಂಕಿ ಇಡು ಎಂದವಳ ಹಾಗೆ ನೋಡಿದರು. ನಮ್ಮವನ ಕೈಯಿಂದ ಬಂದದ್ದನ್ನು ವಾಪಸು ಕೊಟ್ಟರೆ ಅವನ ಮುಖಕ್ಕೆ ಹೊಡೆದ ಹಾಗಂತೆ. ಅದೂ ಅಲ್ಲದೆ ಭಾವನಿಗೆ ಪ್ರೊಸೆಸರ್ ಕೊಟ್ಟವನ ತಮ್ಮನೇ ಭಾವನ ಮಂಡಿಯ ಆಪರೇಷನ್ನಿಗೆ ತಾರೀಖು ಕೊಡಿಸಬೇಕಾದವನು. ಪ್ರೊಸೆಸರ್ ವಾಪಸು ಹೋದರೆ ಮಂಡಿಯೂ ಹೋಯಿತು. ಹೀಗೆ ನನ್ನ ಮಾಸ್ಟರ್ ಬಿರುದು ಗೊಯ್ಕೊ ಭಾವನ ಬಲಗಾಲಿನ ಮಂಡಿಯಲ್ಲಿ ಸಿಕ್ಕಿಕೊಂಡಿದೆ.

ಕೊನೆಗೆ ಭಾವ ಪ್ರೊಸೆಸರನ್ನು ಜೇಬಿಗೆ ಹಾಕಿಕೊಂಡು ಎದ್ದ. "ನಾನೇ ಪೂರ್ತಿ ಮೆಷಿನ್ ಕಟ್ಟಿ ತರ್ತೀನಿ. ಆಗ ನೋಡೋಣ ಯಾರದ್ದು ಓಡುತ್ತೆ ಅಂತ."

"ಕಟ್ಟು. ನಾನೂ ಕಟ್ತೀನಿ," ಎಂದ ರಾದಿವೊಯ್.

ನನ್ನನ್ನು ಯಾರೂ ಕೇಳಲಿಲ್ಲ.

ನವೆಂಬರ್ 5

ಊಟದ ಮೇಜಿನ ತುಂಬ ರಾದಿವೊಯ್‌ನ ಸ್ಕ್ರೂಡ್ರೈವರುಗಳು. ಆಟದ ಸ್ಥಿತಿ ಮರೆತು ಹೋಗದಿರಲೆಂದು ಚದುರಂಗದ ಮರದ ಹಾಸನ್ನು ಫ್ರೀಜರ್ ಪೆಟ್ಟಿಗೆಯ ಮೇಲಿಟ್ಟು ಕಾಯಿ ಜೋಡಿಸಿಟ್ಟೆ. ಕರಿಯ ಕುದುರೆ ಒಂದು ಸಿಗಲಿಲ್ಲ, ಬದಲಿಗೆ ಒಂದು ವಾಲ್‌ನಟ್ ಇಟ್ಟಿದ್ದೇನೆ.

ನವೆಂಬರ್ 9

ರಾದಿವೊಯ್ ತನ್ನ ಬೋರ್ಡಿಗೆ ಪ್ರೊಸೆಸರ್ ತಂದ. ಎರಡು ಕೋರ್! ಅದರಲ್ಲಿ ಕರೆಂಟಿನ ಬಿಲ್ಲು ನೋಡಬಹುದು, ಚದುರಂಗ ಆಡಲಾಗುವುದಿಲ್ಲ. "ಎರಡು ಸಾಲ್ದಾ? ನಾವಿಬ್ರೇ ಅಲ್ವಾ ಮನೇಲಿ?" ಎಂದ. ನಗಿಸಲು ಹೇಳಿದನೋ ನಿಜವಾಗಿ ಹೇಳಿದನೋ ತಿಳಿಯಲಿಲ್ಲ. ನನಗಂತೂ ನಗು ಬರಲಿಲ್ಲ.

ಮೆಮೊರಿಯನ್ನೂ ತಂದಿದ್ದಾನೆ, ಹೊಸ ತಲೆಮಾರಿನದು, ಒಳ್ಳೆಯದೇ. ಆದರೆ ಅವನ ಬೋರ್ಡಿಗೆ ಬೇಕಾದ್ದು ಹಳೆಯದು. ಮೆಮೊರಿ ಪಟ್ಟಿಯ ಕಚ್ಚು ಒಂದು ಕಡೆ, ಬೋರ್ಡಿನ ಗೂಟ ಇನ್ನೊಂದು ಕಡೆ. ಸುತ್ತಿಗೆ ಹುಡುಕಲು ಹೊರಟವನನ್ನು ತಡೆದೆ.

ಫ್ರೀಜರಿನಿಂದ ಬಟಾಣಿ ತೆಗೆಯಲು ಹೋದಾಗ ಹಾಸಿನ ಮೇಲೆ ಕಣ್ಣು ಹೋಯಿತು. ತೌನೊನ ಆ ವಾಲ್‌ನಟ್ ಕುದುರೆ ಅಂಚಿನಲ್ಲಿ ಏನು ಮಾಡುತ್ತಿದೆ? ಹಳೆಯ ಯಂತ್ರ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ, ನಾನೂ ತೆಗೆದುಕೊಂಡಿರಲಿಲ್ಲ. ಅದಕ್ಕೆ ವಾಪಸು ಬರಲು ದಾರಿಯಿಲ್ಲ. ಬಟಾಣಿ ಕೈಯಲ್ಲೇ ಕರಗಿ ಚಪ್ಪಲಿಯ ಮೇಲೆ ನೀರು ತೊಟ್ಟಿಕ್ಕಿತು. ಎಲ್ಲ ಈ ಗಂಡಸರಿಂದ.

ನವೆಂಬರ್ 13

ನೆವೆಂಕಾಳ ಫೋನ್. ಗೊಯ್ಕೊ ಭಾವನ ಮೆಷಿನ್ ಬಹುಪಾಲು ಸಿದ್ಧವಂತೆ. ಸರಿಯಾದ ಬೋರ್ಡ್ ಸಿಕ್ಕಿತು, ಪೆಟ್ಟಿಗೆ ಸಿಕ್ಕಿತು. ಆದರೆ ಅವನು ತಂದ ಮೆಮೊರಿ ಹಳೆಯ ತಲೆಮಾರಿನದು, ಕೂರುತ್ತಿಲ್ಲ.

ಅಂದರೆ ಇವನ ಬಳಿ ಅವನ ಮೆಮೊರಿ, ಅವನ ಬಳಿ ಇವನ ಮೆಮೊರಿ. ನಡುವೆ ಎರಡು ಬೀದಿ. ಅದಲು ಬದಲು ಮಾಡಿಕೊಳ್ಳಿ ಎಂದರೆ ರಾದಿವೊಯ್, "ಅವನು ಬಂದು ಕೇಳ್ಲಿ" ಎನ್ನುತ್ತಾನೆ. ನೆವೆಂಕಾ ಹೇಳಿದಳು, ಅಲ್ಲಿಯೂ ಅದೇ ಮಾತಂತೆ. ಅರವತ್ತು ದಾಟಿದ ಎರಡು ಹೋರಿಗಳು.

ನವೆಂಬರ್ 14

ರಾದಿವೊಯ್‌ಗೆ ಇವತ್ತು ತಣ್ಣಗಿನ ಸೂಪೇ ಬಡಿಸಿದೆ.

ನವೆಂಬರ್ 17

ಚೌಕದ ಪೈನ್ ಮರಗಳಿಗೆ ಚಳಿಗಾಲದ ಗೂಬೆಗಳು ಬಂದು ತುಂಬಿವೆ. ಪ್ರವಾಸಿಗರು ಕ್ಯಾಮೆರಾ ಹಿಡಿದು ಕತ್ತೆತ್ತಿ ನಿಂತಿದ್ದರು. ರಾದಿವೊಯ್‌ನ ಹೊಸ ಟೋಪಿಯ ಮೇಲೆ ಒಂದು ಗೂಬೆ ಹೇತಿತು. ಅದಕ್ಕೂ ನಾನೇ ಕಾರಣ, ನನ್ನ ಕಂಪ್ಯೂಟರಿಗೆ ಸ್ಕ್ರೂ ತರಲು ಹೋಗಿದ್ದನಂತೆ. ಎಲ್ಲ ಗೂಬೆಯನ್ನೂ ನನ್ನ ತಲೆಯ ಮೇಲೇ ಕೂರಿಸುವುದು ಇವನ ಅಭ್ಯಾಸ.

ನಾನು ಸಂತೆಗೆ ಹೋಗಿ ಈರುಳ್ಳಿ ಮರೆತು ಬಂದೆ. ದಾರಿಯುದ್ದಕ್ಕೂ ಆನೆ ಹೋದರೆ ಏನಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ತೌನೊ ನನ್ನ ಆನೆಯನ್ನು ಹೊಡೆಯಲಿ. ಹೊಡೆದರೆ ಅವನ ಕುದುರೆ ಅಂಚಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ನನ್ನ ಮೂರು ಕಾಲಾಳುಗಳು ಒಟ್ಟಿಗೆ ಹೊರಡುತ್ತವೆ. ಹುಚ್ಚು ಯೋಚನೆ. ಯಂತ್ರವಿದ್ದಿದ್ದರೆ ಒಂದು ಸೆಕೆಂಡಿನಲ್ಲಿ ಸರಿ ತಪ್ಪು ಹೇಳುತ್ತಿತ್ತು, ಈರುಳ್ಳಿಯೂ ಮನೆಗೆ ಬರುತ್ತಿತ್ತು.

ನವೆಂಬರ್ 21

ಇಂದು ಗೊಯ್ಕೊ ಭಾವನ ಮನೆಯ ದೇವರ ಹಬ್ಬ. ಈ ಹಬ್ಬಕ್ಕೆ ಕರೆಯುವ ಪದ್ಧತಿಯಿಲ್ಲ, ಬರುವವರು ಬರುತ್ತಾರೆ. ಹೋಗದಿದ್ದರೆ ಮಾತ್ರ ಸಂಬಂಧ ಮುರಿದ ಹಾಗೆ. ಆದ್ದರಿಂದ ಎರಡು ವಾರಕ್ಕೂ ಮೇಲೆ ಮಾತು ಬಿಟ್ಟಿದ್ದ ಷಡ್ಡಕನ ಮನೆಗೆ ರಾದಿವೊಯ್ ಕ್ಷೌರ ಮಾಡಿಕೊಂಡು, ಕೋಟು ಹಾಕಿಕೊಂಡು, ಮುಖ ಗಂಟಿಕ್ಕಿಕೊಂಡು ಹೊರಟ. ನಾನು ಕೇಕಿನ ಡಬ್ಬಿ ಹಿಡಿದುಕೊಂಡೆ. ಕೇಕಿನ ಕೆಳಗೆ, ಬೆಣ್ಣೆ ಕಾಗದದಲ್ಲಿ ಸುತ್ತಿ, ರಾದಿವೊಯ್‌ನ ಮೆಮೊರಿ. ಅಕ್ಕತಂಗಿಯರು ಫೋನಿನಲ್ಲೇ ಎಲ್ಲ ತೀರ್ಮಾನಿಸಿಕೊಂಡಿದ್ದೆವು.

ಮೇಣದ ಬತ್ತಿ ಉರಿಯುತ್ತಿತ್ತು. ಬಾಗಿಲಲ್ಲೇ ಒಂದು ಚಮಚ ಸಿಹಿ ಗೋಧಿ ತಿಂದು ಶಿಲುಬೆಯ ಗುರುತು ಮಾಡಿಕೊಂಡೆವು. ಭಾವ ಮನೆಯ ಯಜಮಾನ, ಹಬ್ಬದ ದಿನ ಅವನು ಕೂರುವ ಹಾಗಿಲ್ಲ, ನಿಂತೇ ಬಡಿಸಬೇಕು. ರಾದಿವೊಯ್ ಅದನ್ನೇ ಕಾಯುತ್ತಿದ್ದ ಹಾಗೆ ಕುರ್ಚಿಯಲ್ಲಿ ಒರಗಿಕೊಂಡ.

"ಷಡ್ಡಕಾ, ಇನ್ನೊಂದು ಚೂರು ಹಂದಿ ಹಾಕು. ಉಪ್ಪು ಎಲ್ಲಿ? ಮುಲ್ಲಂಗಿ ಎಲ್ಲಿ?"

"ಕಣ್ಣ ಮುಂದೇನೇ ಇದೆ. ಹದಿನಾರು ಇರಬೇಕು ಅಲ್ಲಿ, ಎಣಿಸ್ಕೋ," ಎಂದ ಭಾವ.

ಆ ಗಲಾಟೆಯಲ್ಲಿ ನಾನೂ ನೆವೆಂಕಾಳೂ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆವು. ಪೆಟ್ಟಿಗೆ ದೊಡ್ಡದಿತ್ತು, ಜೋಡಣೆ ಅಚ್ಚುಕಟ್ಟಾಗಿತ್ತು, ಭಾವನನ್ನು ಹೊಗಳಲೇಬೇಕು. ಮೆಮೊರಿ ಪಟ್ಟಿ ಎರಡೂ ಟಕ್ ಟಕ್ ಎಂದು ಕೂತವು. ನೆವೆಂಕಾ ಶಿಲುಬೆಯ ಗುರುತು ಮಾಡಿಕೊಂಡಳು. ನಾನು ಗುಂಡಿ ಒತ್ತಿದೆ. ಫ್ಯಾನುಗಳು ತಿರುಗಿದವು. ಪರದೆ ಕಪ್ಪು.

ಮತ್ತೆ ಒತ್ತಿದೆ. ಕಪ್ಪು.

"ಕೆಟ್ಟೋಯ್ತೇನೇ?" ಎಂದಳು ನೆವೆಂಕಾ.

ಆಗ ಹೊಳೆಯಿತು. ಈ ಪ್ರೊಸೆಸರಿಗೆ ಚಿತ್ರ ತೋರಿಸುವ ಶಕ್ತಿ ಇಲ್ಲ. ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಬೇಡವೇ ಬೇಡ, ಶೋಕಿ ಎಂದು ಊರಿಗೆಲ್ಲ ಸಾರಿದವಳು ನಾನು. ಭಾವ ಮೊದಲ ವಾರವೇ ಒಂದನ್ನು ತರಲು ಹೊರಟಿದ್ದನಂತೆ, ನೆವೆಂಕಾ ನನ್ನ ಮಾತು ಕೇಳಿಕೊಂಡು ಬೇಡವೆಂದಳಂತೆ. ಇಬ್ಬರು ಗಂಡಸರ ತಪ್ಪನ್ನೂ ಬೆರಳು ಮಡಚಿ ಎಣಿಸುತ್ತಿದ್ದ ನನಗೆ ಎಂಥ ನಾಚಿಕೆಯಾಯಿತು ಎಂದರೆ, ಅಲ್ಲೇ ಮಂಚದ ಮೇಲೆ ಅತಿಥಿಗಳ ಕೋಟುಗಳ ರಾಶಿಯ ಮೇಲೆ ಕೂತುಬಿಟ್ಟೆ.

ನೆವೆಂಕಾ ಬಡಿಸಲು ಹೋದಳು. ನಾನು ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಆನೆ ಕೊಟ್ಟ ಮೇಲೆ ಮಧ್ಯದ ಕಾಲಾಳು ಮೊದಲು ಹೋಗಬೇಕು, ಅಂಚಿನದಲ್ಲ, ಎಂದು ಅಲ್ಲಿ ಹೊಳೆಯಿತು. ರಾದಿವೊಯ್ ಬಂದು ಕೋಟು ಕೇಳಿದಾಗಲೇ ನಾನು ಅದರ ಮೇಲೆ ಕೂತಿದ್ದೇನೆಂದು ಗೊತ್ತಾದದ್ದು.

ನವೆಂಬರ್ 28

ನಡೆ ಕಳಿಸಿದೆ. ಆನೆ ಕೊಟ್ಟೆ.

ಬೇರೆ ದಾರಿಯೇ ಇರಲಿಲ್ಲ. ಕಾರ್ಡ್ ಎಲ್ಲೂ ಸಿಕ್ಕಿಲ್ಲ, ತಿಂಗಳು ಮುಗಿಯುತ್ತಿದೆ. ಸಾದಾ ಸೀದಾ ನಡೆ ಇನ್ನೊಂದಿತ್ತು ನಿಜ, ಡ್ರಾ ಕಡೆಗೆ ಹೋಗುವಂಥದ್ದು. ಫೋನಿನಲ್ಲಿ ಗುಂಡಿ ಒತ್ತುವ ಮುಂಚೆ ಎರಡು ಸಲ ಕೈ ತೊಳೆದುಕೊಂಡೆ. ಯಾಕೋ ಗೊತ್ತಿಲ್ಲ.

ಡಿಸೆಂಬರ್ 3

ಯಂತ್ರ ಬಂತು! ಭಾವನೇ ಹೊತ್ತು ತಂದ, ಮಂಡಿ ನೋವೆಂದು ಮೆಟ್ಟಿಲಿಗೊಂದು ಶಾಪ ಹಾಕುತ್ತ. ಕಾರ್ಡ್ ಕೊಡಿಸಿದವನು ರಾದಿವೊಯ್‌ನ "ನಮ್ಮವನು". ನೆವೆಂಕಾ ಅವರಿಬ್ಬರಿಗೂ ಏನು ಹೇಳಿ ಒಪ್ಪಿಸಿದಳೋ, ಕೇಳಿದರೆ ಹೇಳುವುದಿಲ್ಲ. ಈಗ ಇಬ್ಬರೂ ಇದು ತಾನು ಕಟ್ಟಿದ ಮೆಷಿನ್ ಎಂದು ಬೀಗುತ್ತಿದ್ದಾರೆ.

ಆಟದ ಸ್ಥಿತಿ ಹಾಕಿದೆ. ಇಬ್ಬರೂ ನನ್ನ ಭುಜದ ಮೇಲೆ ಬಗ್ಗಿ ನಿಂತರು. ಯಂತ್ರ ಗುಂಯ್‌ಗುಟ್ಟಿತು, ಅಂಕಿ ತೋರಿಸಿತು. ಆನೆ ಕೊಟ್ಟದ್ದು ತಪ್ಪು. ನಾನು ಸೋಲುತ್ತೇನೆ. ಆ ಸಾದಾ ನಡೆ ಆಡಿದ್ದರೆ ಸಮ.

"ಐದು ದಿನ ಕಾಯಕ್ಕಾಗ್ಲಿಲ್ವಲ್ಲೇ," ಎಂದ ರಾದಿವೊಯ್.

"ಮೂವತ್ತನೇ ತಾರೀಖು ಕಾಯುತ್ತಾ? ನಿಮ್ಮಿಬ್ರ ಜಗಳ ಮುಗೀಲಿ ಅಂತ ತೌನೊ ಗಡಿಯಾರ ನಿಲ್ಲಿಸ್ಕೊಂಡು ಕೂತಿರ್ತಾನಾ?"

ಇಬ್ಬರನ್ನೂ ಆಚೆಗೆ ಅಟ್ಟಿದೆ. ಅಳು ಬಂತು, ಅತ್ತುಬಿಟ್ಟೆ. ಬಿರುದು ಹೋಯಿತು ಎಂದೇ ಲೆಕ್ಕ.

ಡಿಸೆಂಬರ್ 5

ಆದರೂ ಯಂತ್ರ ಹೇಳುವುದು ಪೂರ್ತಿ ಒಪ್ಪಿಗೆಯಾಗುತ್ತಿಲ್ಲ. ಕುದುರೆ ಹೇಗೆ ಹೊರಗೆ ಬರುತ್ತದೆ? ಅದನ್ನು ಹೇಳು ಎಂದರೆ ಅಂಕಿ ತೋರಿಸುತ್ತದೆ.

ಡಿಸೆಂಬರ್ 19

ತೌನೊ ಆನೆಯನ್ನು ಹೊಡೆದಿದ್ದಾನೆ. ನಡೆಯ ಜತೆಗೆ ಒಂದು ಸಂದೇಶ, ನಮ್ಮಿಬ್ಬರ ಮುರುಕು ಜರ್ಮನ್‌ನಲ್ಲಿ. ಎರಡು ವರ್ಷದಿಂದ ಆಡುತ್ತಿದ್ದೇವೆ, "ನಮಸ್ಕಾರ" ಬಿಟ್ಟು ಇನ್ನೊಂದು ಮಾತು ಬರೆದವನಲ್ಲ.

"ನಾನು ಗೆಲ್ಲುತ್ತೇನೆ ಎಂದು ಯಂತ್ರ ಹೇಳುತ್ತದೆ. ನನಗೆ ಹಾಗೆ ಕಾಣುತ್ತಿಲ್ಲ. ಡ್ರಾ?"

ಮೂರು ಸಲ ಓದಿದೆ.

ಸಂಜೆ ಅಕ್ಕ, ಭಾವ ಬಂದಿದ್ದರು. ವಿಷಯ ತಿಳಿಸಿದೆ. ಹುಟ್ಟಿದಾರಭ್ಯ ಒಂದು ಮಾತಿಗೂ ಒಪ್ಪದ ಷಡ್ಡಕರಿಬ್ಬರೂ ಇಂದು ಒಂದೇ ದನಿಯಲ್ಲಿ, ಒಪ್ಪಿಕೋ ಎಂದರು.

"ಸೋಲೋ ಆಟಾನ ಅವನೇ ಬಿಟ್ಟುಕೊಡ್ತಿದಾನೆ ಕಣಮ್ಮಾ," ಎಂದ ಭಾವ. "ಮರ್ಯಾದೆಯಾಗಿ ಮುಗಿಸು."

"ಡ್ರಾ ಆದ್ರೆ ಬಿರುದು ಇಲ್ಲ ಭಾವ."

"ಸೋತ್ರೂ ಇಲ್ವಲ್ಲ. ಇದ್ರಲ್ಲಿ ಅರ್ಧ ಅಂಕಾನಾದ್ರೂ ಬರುತ್ತೆ," ಎಂದ ರಾದಿವೊಯ್. ಅವನಿಗೆ ಅಂಕದ ಲೆಕ್ಕ ಯಾವಾಗ ತಿಳಿಯಿತೋ.

ನೆವೆಂಕಾ ಮಾತ್ರ ಫ್ರೀಜರಿನ ಮೇಲಿನ ಹಾಸು ನೋಡುತ್ತ, "ಈ ವಾಲ್‌ನಟ್ ಯಾಕೆ ಮೂಲೇಲಿ ಕೂತಿದೆ?" ಎಂದು ಕೇಳಿದಳು.

ಡಿಸೆಂಬರ್ 20

ತೌನೊಗೆ ಬರೆದೆ: "ನನಗೂ ಕಾಣುತ್ತಿಲ್ಲ. ಆಡೋಣ." ಮಧ್ಯದ ಕಾಲಾಳನ್ನು ಮುಂದಕ್ಕೆ ದೂಡಿದೆ.

ರಾದಿವೊಯ್ ತಲೆಯ ಮೇಲೆ ಕೈ ಹೊತ್ತುಕೊಂಡ. "ಮೆಷಿನ್ ಏನನ್ನುತ್ತೆ ಇದಕ್ಕೆ?"

ಕೇಳಿರಲೇ ಇಲ್ಲ. ಆ ಮೆಷಿನ್ನಿನಲ್ಲಿ ಮೂರು ದಿನದಿಂದ ಇವನೇ ಟ್ರ್ಯಾಕ್ಟರ್ ಪಂದ್ಯ ನೋಡುತ್ತ ಕೂತಿದ್ದಾನೆ, ನನಗೆ ಎಲ್ಲಿ ಬಿಡುತ್ತಾನೆ?

ಜನವರಿ 11

ಸರ್ಬಿಯಾದ ಚಳಿ ಒಂದು ಕಡೆ, ಹಾಸಿನ ಮುಂದೆ ನಿಂತು ನಿಂತು ಸೊಂಟ ನೋವು ಇನ್ನೊಂದು ಕಡೆ. ಜನವರಿ ಏಳರ ನಮ್ಮ ಕ್ರಿಸ್ಮಸ್ಸಿಗೆ ಮಾಡಿದ್ದ ಎಲೆಕೋಸಿನ ಸುರುಳಿ ಬಿಸಿ ಮಾಡುವಾಗ ತಳ ಹಿಡಿಯಿತು. ನನ್ನ ಎರಡನೇ ಕಾಲಾಳನ್ನು ತೌನೊ ಹೊಡೆದ. ಮೂರನೆಯದನ್ನು ಬಿಡಬಾರದು. ತೌನೊ ಒಂದೊಂದು ನಡೆಗೂ ಒಂದೊಂದು ವಾರ ತೆಗೆದುಕೊಳ್ಳುತ್ತಾನೆ, ಸಾಯಿಸುತ್ತಾನೆ.

ಫೆಬ್ರವರಿ 16

ಸೋತೆ.

ಆ ರಾಜನ ನಡೆ! ಎಲ್ಲರೂ ರಾಜನನ್ನು ಹಿಂದಕ್ಕೆ ಒಯ್ಯುವ ಕಡೆ ಈ ಮನುಷ್ಯ ಮುಂದಕ್ಕೆ ತಂದ, ನನ್ನ ಕಾಲಾಳುಗಳ ನಡುವೆ, ಸಂಜೆ ವಾಕಿಂಗ್ ಹೊರಟವನ ಹಾಗೆ. ನಾಲ್ಕು ನಡೆ ಮೊದಲೇ ನೋಡಬೇಕಿತ್ತು. ನೋಡಲಿಲ್ಲ. ನೋಡಿದ್ದರೆ ಅವನ ಕುದುರೆ ಅಲ್ಲೇ ಸಾಯುತ್ತಿತ್ತು, ಆಟ ನನ್ನದಾಗುತ್ತಿತ್ತು.

ಕೊನೆಯಲ್ಲಿ ತೌನೊ ಉದ್ದದ ಸಂದೇಶ ಬರೆದಿದ್ದಾನೆ. ನಾನು "ಆಡೋಣ" ಎಂದ ದಿನವೇ ಯಂತ್ರ ಆಫ್ ಮಾಡಿಬಿಟ್ಟನಂತೆ. ಅಡುಗೆಮನೆಯಲ್ಲಿ ಹಾಸು ಹರಡಿಕೊಂಡು ಕೂರುತ್ತಿದ್ದನಂತೆ, ಹೆಂಡತಿ ಬೈಯುತ್ತಿದ್ದಳಂತೆ. ಹಾಗಾದರೆ ಆ ರಾಜನ ನಡೆ ಅವನದ್ದೇ. ಇದು ಇನ್ನಷ್ಟು ಸಿಟ್ಟು ತರಿಸುತ್ತದೆ. ಯಂತ್ರ ಕಂಡುಹಿಡಿದದ್ದಾಗಿದ್ದರೆ ಕ್ಷಮಿಸಬಹುದಿತ್ತು.

ರಾದಿವೊಯ್ ಚಹಾ ಮಾಡಿ ತಂದ. ಅಪರೂಪ. ಲೋಟ ನನ್ನ ಪಕ್ಕದಲ್ಲಿಟ್ಟು, ಮುಖ ಸಪ್ಪೆ ಮಾಡಿಕೊಂಡು, "ಬಿರುದು ಹೋಯ್ತಲ್ಲೇ ಜಾಗೊರ್ಕಾ" ಎಂದ.

"ಅದಿರ್ಲಿ, ಇಲ್ಲಿ ನೋಡು," ಎಂದು ಅವನ ತೋಳು ಹಿಡಿದು ಹಾಸಿನ ಮುಂದೆ ನಿಲ್ಲಿಸಿಕೊಂಡೆ. "ರಾಜ ಇಲ್ಲಿದ್ದ. ಇಲ್ಲಿಗೆ ಬಂದ. ಯಾರಾದ್ರೂ ಇಲ್ಲಿಗೆ ಬರ್ತಾರಾ? ನೀನೇ ಹೇಳು!"

ಅವನಿಗೆ ತಿಳಿಯಲಿಲ್ಲ, ಆದರೂ ಚಹಾ ಆರುವ ತನಕ ನಿಂತು ನೋಡಿದ. ಅವನು ಹೋದ ಮೇಲೆ ಕಾಯಿಗಳನ್ನೆಲ್ಲ ಮತ್ತೆ ಸಾಲಾಗಿ ಜೋಡಿಸಿ, ತೌನೊಗೆ ಹೊಸ ಆಟದ ಮೊದಲ ನಡೆ ಕಳಿಸಿದೆ. ಈ ಸಲ ಬಿಡುವುದಿಲ್ಲ ಅವನನ್ನು.